ನಾಲ್ಕರಲ್ಲಿ ಬೇರೆ, ಐದರಲ್ಲಿ ಒಂದು

ಕೋಲಾರದಲ್ಲಿ ನಡೆದ ಶಿಕ್ಷಕರ ತರಬೇತಿಯ ಮೂರನೇ ದಿನ, ಊಟ ಮುಗಿದು ಎಲ್ಲರೂ ತೂಕಡಿಸುತ್ತಿದ್ದ ಹೊತ್ತಿನಲ್ಲಿ, ಬೆಂಗಳೂರಿನಿಂದ ಬಂದಿದ್ದ ಸಂಗೀತದ ಮೇಡಂ ಒಬ್ಬರು ಸಣ್ಣ ಸ್ಪೀಕರಿನಲ್ಲಿ ಏನೋ ಹಾಕಿದರು. ಮರದ ಪಟ್ಟಿಗಳ ಮೇಲೆ ಕೋಲಿನಿಂದ ಬಡಿದಂಥ ಸದ್ದು. ಐದಾರು ಸ್ವರ, ಅಷ್ಟೆ. ಆಮೇಲೆ ಅದೇ ಐದಾರು ಸ್ವರ. ಮತ್ತೆ ಅದೇ. ಎರಡು ನಿಮಿಷವಾದರೂ ಮುಂದಕ್ಕೆ ಹೋಗಲಿಲ್ಲ.

"ಮೇಡಂ, ಪೆನ್‌ಡ್ರೈವ್ ಸಿಕ್ಕಾಕ್ಕೊಂಡೈತೆ. ತೆಗೆದು ಒಂದ್ಸಲ ಊದಿ ಹಾಕಿ" ಎಂದು ಹಿಂದಿನ ಸಾಲಿನಿಂದ ಮಾಲೂರಿನ ಮೇಷ್ಟ್ರು ಕೂಗಿದರು. ಎಲ್ಲರೂ ನಕ್ಕೆವು.

ಮೇಡಂ ಕೂಡ ನಕ್ಕರು. "ಸಿಕ್ಕಾಕ್ಕೊಂಡಿಲ್ಲ ಸರ್, ಇದು ಇರೋದೇ ಹೀಗೆ. ಮಿನಿಮಲಿಸ್ಟ್ ಸಂಗೀತ ಅಂತಾರೆ. ಬಹಳ ಕಡಿಮೆ ತಗೊಳ್ಳೋದು, ಅದನ್ನೇ ತಿರುಗಿ ತಿರುಗಿ ನುಡಿಸೋದು, ಯಾವಾಗಲೋ ಒಂದು ಕೂದಲೆಳೆಯಷ್ಟು ಬದಲಾಯಿಸೋದು. ಬದಲಾದದ್ದನ್ನ ಹಿಡಿಯೋದು ಕೇಳೋರ ಕೆಲಸ. ಮಕ್ಕಳಿಗೆ ಕೇಳಿಸಿ ನೋಡಿ" ಎಂದರು.

ಪಕ್ಕದಲ್ಲಿ ಕೂತಿದ್ದ ಗೆಳತಿ ನನ್ನ ಕೈ ಮುಟ್ಟಿ "ಏನೇ, ಚಳಿ ಬಂತಾ?" ಎಂದಳು. ತೋಳಿನ ಮೇಲೆ ಕೂದಲು ನೆಟ್ಟಗೆ ನಿಂತಿದ್ದವು. ಅಂಥ ಸಂಗೀತವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಆದರೆ ಅದು ನನಗೆ ಗೊತ್ತಿತ್ತು. ನಮ್ಮಪ್ಪ ರಾಗಿ ಅಳೆಯುತ್ತಿದ್ದದ್ದು ಹಾಗೆಯೇ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ನನ್ನ ಹಿಂದಿನ ಯಾರೂ ಏಳನೇ ತರಗತಿ ದಾಟಿರಲಿಲ್ಲ. ಅಪ್ಪನಂತೂ ಸಹಿ ಹಾಕುವುದನ್ನು ಕಲಿತದ್ದೇ ನನ್ನ ಹೈಸ್ಕೂಲಿನ ಅರ್ಜಿಗೆ. ಕೋಲಾರದ ಕಾಲೇಜಿಗೆ ಬೆಳಗ್ಗೆ ಆರೂವರೆಯ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ನಿಂತುಕೊಂಡೇ ಬಂದು ಓದಿದ್ದೇನೆ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಸಂಕೋಚ ಇದ್ದದ್ದು ಬೇರೆ ಒಂದು ವಿಷಯಕ್ಕೆ.

ಅಪ್ಪ ನಮ್ಮೂರಿನಲ್ಲಿ ರಾಶಿ ಅಳೆಯುವವನು. ಮುಳಬಾಗಿಲು ಕಡೆಯ ಐದಾರು ಹಳ್ಳಿಗಳಲ್ಲಿ ಕಣ ಮುಗಿದು ರಾಗಿ ತೂರಿ ಗುಡ್ಡೆ ಮಾಡಿದ ಮೇಲೆ ಅಪ್ಪನಿಗೆ ಕರೆ ಬರುತ್ತಿತ್ತು. ಅಪ್ಪ ಚಪ್ಪಲಿ ಕಳಚಿ, ಪೂರ್ವಕ್ಕೆ ಮುಖ ಮಾಡಿ ಕೂತು, ನಾಲ್ಕು ಸೇರು ಹಿಡಿಯುವ ಕೊಳಗ ತುಂಬಿ ಗೋಣಿಗೆ ಸುರಿಯುತ್ತಿದ್ದ. ಮೊದಲನೆಯದಕ್ಕೆ ಒಂದು ಎನ್ನುವಂತಿಲ್ಲ. ಅದು 'ಲಾಭ'. ಆ ಕೊಳಗ ಸುರಿದಾಗಿನಿಂದ ಮುಂದಿನದು ತುಂಬುವ ತನಕ ಬಾಯಲ್ಲಿ ಲಾಭ, ಲಾಭ, ಲಾಭ, ಲಾಭ. ಎರಡನೆಯದು ಸುರಿದ ಕೂಡಲೇ ಎರಡು, ಎರಡು, ಎರಡು, ಎರಡು. ನಡುವೆ ಬೇರೆ ಮಾತಿಲ್ಲ, ನಿಲುಗಡೆ ಇಲ್ಲ. ಯಾರ ಕಣವೋ ಅವರ ಭಾಷೆ: ಕನ್ನಡದವರ ಕಣದಲ್ಲಿ ಕನ್ನಡ, ತೆಲುಗಿನವರ ಕಣದಲ್ಲಿ ರೆಂಡು, ಮೂಡು. ಎಪ್ಪತ್ತು ಎಂಬತ್ತು ಕೊಳಗದ ರಾಶಿಯಾದರೂ ಅಪ್ಪನ ಎಣಿಕೆ ತಪ್ಪಿದ್ದನ್ನು ಯಾರೂ ಕೇಳಿರಲಿಲ್ಲ.

ನಾನು ಏಳನೇ ತರಗತಿಯಲ್ಲಿದ್ದ ವರ್ಷ ಕಟಾವಿನಲ್ಲಿ ಅಪ್ಪನ ಬಲಗೈಗೆ ಕುಡುಗೋಲು ತಾಗಿ ಬಟ್ಟೆ ಕಟ್ಟಿಕೊಂಡಿದ್ದ. ಆ ಕಣದ ಯಜಮಾನರ ಮುಂದೆ ನನ್ನ ಕೈಗೆ ಕೊಳಗ ಕೊಟ್ಟ.

"ಏನಪ್ಪಾ, ಹೆಣ್ಣುಕೂಸಿನ ಕೈಗಾ?" ಎಂದರು ಯಜಮಾನರು.

"ಲೆಕ್ಕದಾಗೆ ಇಸ್ಕೂಲಿಗೇ ಮುಂದು ಸ್ವಾಮಿ" ಎಂದ ಅಪ್ಪ. ಆ ದನಿಯಲ್ಲಿದ್ದ ಹೆಮ್ಮೆ ನನಗೆ ಈಗಲೂ ಕೇಳಿಸುತ್ತದೆ.

ಲೆಕ್ಕದಲ್ಲಿ ಸ್ಕೂಲಿಗೇ ಮುಂದಿದ್ದವಳಿಗೆ ಒಂದೇ ಸಂಖ್ಯೆಯನ್ನು ಇಪ್ಪತ್ತು ಸಲ ಯಾಕೆ ಹೇಳಬೇಕು? ಅದು ಓದದವರ ಪದ್ಧತಿ ಎಂದುಕೊಂಡೆ. ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಎಣಿಸಿದೆ. ಸರಸರ ನಡೆಯಿತು. ಆ ಮನೆಯ ಸೊಸೆ ಬಂದು "ನೀರು ಕುಡೀತೀಯೇನಮ್ಮಾ?" ಎಂದಳು. "ಆಮೇಲೆ ಅಕ್ಕ" ಎಂದೆ. ಎಂದು ಕೊಳಗದ ಕಡೆ ತಿರುಗಿದರೆ ಹದಿನೇಳಾಗಿದೆಯೋ ಹದಿನೆಂಟಾಗಿದೆಯೋ ಗೊತ್ತಾಗಲಿಲ್ಲ.

ಗೋಣಿಗಳಲ್ಲಿದ್ದ ರಾಗಿಯನ್ನೆಲ್ಲ ಮತ್ತೆ ಕಣಕ್ಕೆ ಸುರಿಯಬೇಕಾಯಿತು. ಅಳೆದದ್ದನ್ನು ಹಿಂದಕ್ಕೆ ಸುರಿಯುವುದು ನಮ್ಮ ಕಡೆ ಒಳ್ಳೆಯದಲ್ಲ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಟ್ಟೆ ಕಟ್ಟಿದ ಕೈಯಲ್ಲೇ ಅಪ್ಪ ಮೊದಲಿನಿಂದ ಅಳೆದ. ಮುಂದಿನ ವರ್ಷ ಆ ಯಜಮಾನರು ಬೇರೆ ಊರಿನವನನ್ನು ಕರೆಸಿದರು. ಮಿಕ್ಕವರೂ ಒಬ್ಬೊಬ್ಬರಾಗಿ ಬಿಟ್ಟರು. ಆಮೇಲೆ ಮೆಷಿನ್ನು ಬಂತು, ತಕ್ಕಡಿ ಬಂತು, ಕಣವೇ ಇಲ್ಲವಾಯಿತು. ಆದರೆ ಅಪ್ಪನ ಬಾಯಿಂದ ಆ ಎಣಿಕೆ ನಿಂತದ್ದು ಮೆಷಿನ್ನಿನಿಂದಲ್ಲ, ನನ್ನಿಂದ. ಇಷ್ಟು ವರ್ಷಗಳಲ್ಲಿ ಆ ದಿನದ ಬಗ್ಗೆ ಅಪ್ಪನೂ ಮಾತಾಡಿರಲಿಲ್ಲ, ನಾನೂ ಕೇಳಿರಲಿಲ್ಲ. ನನ್ನ ಮೇಲೆ ಮನಸ್ಸಿನಲ್ಲಿ ಏನಿದೆಯೋ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ.

ಈಗ ನಾನು ಯಲ್ದೂರಿನ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಅಪ್ಪ ನನ್ನ ಜೊತೆಯಲ್ಲೇ ಇದ್ದಾನೆ. ತರಬೇತಿಯಿಂದ ಬಂದ ಮರುದಿನವೇ ಐದನೇ ತರಗತಿಯಲ್ಲಿ ಫೋನಿಗೆ ಸ್ಪೀಕರು ಸಿಕ್ಕಿಸಿ ಆ ಸಂಗೀತ ಹಾಕಿದೆ.

"ಮಿಸ್, ಸ್ಟಕ್ ಆಗೋಯ್ತು!"

"ಮಿಸ್, ನೆಟ್‌ವರ್ಕ್ ಇಲ್ಲ!"

"ಸುಮ್ನೆ ಕೇಳ್ರೋ. ಬದಲಾದಾಗ ಕೈ ಎತ್ತಿ" ಎಂದೆ.

ಮೊದಲ ನಿಮಿಷ ತಳ್ಳಾಟ, ಕಿಸಿಕಿಸಿ. ಎರಡನೇ ನಿಮಿಷ ಆಕಳಿಕೆ. ಆಮೇಲೆ ಏನಾಯಿತೋ, ಮೂವತ್ತನಾಲ್ಕು ಮಕ್ಕಳೂ ಒಂದೊಂದಾಗಿ ಸುಮ್ಮನಾದರು. ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರುವ ಹುಡುಗಿಯೊಬ್ಬಳಿದ್ದಾಳೆ, ಬಾಯಿ ಬಹಳ ಜೋರು, ಬೆಳಗ್ಗೆ ಡೈರಿಗೆ ಹಾಲು ಹಾಕಿ ಶಾಲೆಗೆ ಬರುವವಳು. ಅವಳ ಕೈ ಮೇಲೆದ್ದಿತು.

"ಬದಲಾಗೈತೆ ಮಿಸ್. ಆದ್ರೆ ಯಾವಾಗ ಆಯ್ತು ಅಂತ ಗೊತ್ತಾಗ್ಲಿಲ್ಲ."

"ಅದು ಹೇಗೆ?"

ಸ್ವಲ್ಪ ಯೋಚಿಸಿ ಹೇಳಿದಳು. "ಹಾಲು ಮೊಸರಾಗ್ತದಲ್ಲ ಮಿಸ್, ಪಾತ್ರೆ ಮುಂದೆ ಕೂತ್ಕೊಂಡು ನೋಡಿದ್ರೂ ಯಾವಾಗ ಆಯ್ತು ಅಂತ ಕಾಣಲ್ಲ. ಹಂಗೆ."

ಬೆಂಗಳೂರಿನ ಮೇಡಂ ಒಂದು ಗಂಟೆ ಹೇಳಿದ್ದನ್ನು ಇವಳು ಒಂದು ಪಾತ್ರೆಯಲ್ಲಿ ತೋರಿಸಿದಳು.

ಆ ವಾರವೆಲ್ಲ ಅದೇ ಆಯಿತು. ಬೆಂಚು ತಟ್ಟಿದರು, ಚಪ್ಪಾಳೆ ಹಾಕಿದರು. ಅರ್ಧ ತರಗತಿ ಒಂದೇ ವೇಗದಲ್ಲಿ ತಟ್ಟಬೇಕು, ಇನ್ನರ್ಧ ಸ್ವಲ್ಪವೇ ಜೋರಾಗಿ ಹೋಗಬೇಕು, ಬೇರೆಯಾಗಿ ಹೋಗಿ ಮತ್ತೆ ಕೂಡಿಕೊಳ್ಳಬೇಕು. ಶ್ರೀನಿವಾಸಪುರದ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ವೈಪರನ್ನೂ ಇಂಡಿಕೇಟರನ್ನೂ ಒಟ್ಟಿಗೆ ನೋಡಿದರೆ ಹೇಗೆ ಒಂದನ್ನೊಂದು ಬಿಟ್ಟು ಹೋಗಿ ಮತ್ತೆ ಒಂದಾಗುತ್ತವೋ ಹಾಗೆ ಎಂದು ಹೇಳಿಕೊಟ್ಟೆ. ಅವರಿಗೆ ಅರ್ಥವಾಯಿತು, ಕೈಗೆ ಬರಲಿಲ್ಲ. ಬೇರೆಯಾದವರು ಕೂಡುತ್ತಲೇ ಇರಲಿಲ್ಲ. ಇಲ್ಲವೇ ಎಲ್ಲರೂ ಓಡಿಹೋಗಿ ಒಂದೇ ಆಗಿಬಿಡುತ್ತಿದ್ದರು.

ಆಗ ನಾನು ಕಣದ ಎಣಿಕೆಯ ಕಥೆ ಹೇಳಿದೆ. ಲಾಭ, ಎರಡು, ಮೂರು. ನಾನು ಬಾಯಿ ಮುಚ್ಚಿಕೊಂಡು ಎಣಿಸಿ ತಪ್ಪಿದ್ದನ್ನೂ ಮುಚ್ಚಿಡದೆ ಹೇಳಿದೆ. ಒಂದೇ ಮಾತನ್ನು ಹೇಳುತ್ತಾ ಇರುವುದು ಬೇಲಿ ಹಾಕಿದ ಹಾಗೆ. ಹೇಳುತ್ತಿರುವವಳನ್ನು ಯಾರೂ ನೀರು ಬೇಕಾ ಎಂದು ಕೇಳುವುದಿಲ್ಲ. ಇದು ನನಗೆ ಹೊಳೆದದ್ದೂ ಅವರಿಗೆ ಹೇಳುತ್ತಿರುವಾಗಲೇ.

"ಆ ತಾತ ಈಗ್ಲೂ ಅವ್ರಾ ಮಿಸ್?" ಎಂದಳು ಕಿಟಕಿಯ ಹುಡುಗಿ.

"ಗೇಟಿನ ಹತ್ರ ಬರ್ತಾರಲ್ಲ, ಅವರೇ."

ನಾನು ಊಟದ ಡಬ್ಬಿ ಮರೆತ ದಿನ ಅಪ್ಪ ನಡೆದು ಬಂದು ಗೇಟಿನಲ್ಲಿ ಕೊಟ್ಟು ಹೋಗುತ್ತಾನೆ. ಎಷ್ಟು ಕರೆದರೂ ಒಳಗೆ ಬಂದವನಲ್ಲ. "ನಂಗೇನಮ್ಮಾ ಅಲ್ಲಿ ಕೆಲ್ಸ?" ಎನ್ನುತ್ತಾನೆ. ಮರುದಿನ ಡಬ್ಬಿಯನ್ನು ಬೇಕೆಂದೇ ಬಿಟ್ಟು ಬಂದೆ. ಅಪ್ಪ ಬಂದಾಗ ಆ ಹುಡುಗಿಯನ್ನು ಕಳಿಸಿ, ಗೇಟಿಗೆ ಹತ್ತಿರವಿದ್ದ ಕಿಟಕಿಯ ಹಿಂದೆ ನಿಂತು ಕೇಳಿಸಿಕೊಂಡೆ.

"ತಾತಾ, ಒಳಕ್ ಬರ್ಬೇಕಂತೆ. ನಮ್ಗೆ ಎಣ್ಸೋದು ಕಲ್ಸ್ಬೇಕಂತೆ."

"ಎಣ್ಸೋದು ನಿಮ್ ಮಿಸ್‌ಗೇ ಬತ್ತದಲ್ಲಮ್ಮಾ. ಬಿಎ ಮಾಡವ್ಳೆ."

"ಬರಲ್ವಂತೆ ತಾತ. ಅವ್ರೇ ಹೇಳಿದ್ರು. ಹದಿನೇಳಕ್ಕೆ ತಪ್ಪೋಗ್ತಾರಂತೆ."

ಅಪ್ಪ ಡಬ್ಬಿಯನ್ನು ಅವಳ ಕೈಗೆ ಕೊಟ್ಟ. ಆಮೇಲೆ ಚಪ್ಪಲಿಯನ್ನು ಗೇಟಿನ ಹೊರಗೆ ಬಿಟ್ಟು ಒಳಗೆ ಬಂದ.

ನಾನು ಮಾಡಿದ ಎರಡನೇ ತಪ್ಪು ಅಲ್ಲಿ ಕಾದಿತ್ತು. ಕಾಂಪೌಂಡು ಕಟ್ಟಿ ಮಿಕ್ಕಿದ್ದ ಮರಳು ಬೇವಿನ ಮರದ ಕೆಳಗೆ ಗುಡ್ಡೆಯಾಗಿ ಬಿದ್ದಿತ್ತು. ಅಭ್ಯಾಸಕ್ಕೆ ಸಾಕು ಎಂದು ನಾನೇ ಮಕ್ಕಳಿಗೆ ಮಗ್ಗು ಕೊಟ್ಟಿದ್ದೆ. ಅಪ್ಪ ಬರುವ ಹೊತ್ತಿಗೆ ಅವರು ಮರಳು ತುಂಬಿ ಸುರಿಯುತ್ತಾ, ಲಾಭ, ಲಾಭ, ಲಾಭ ಎಂದು ಕೂಗುತ್ತಿದ್ದರು. ಅಪ್ಪನ ಮುಖ ಕಪ್ಪಿಟ್ಟಿತು.

"ನಿಲ್ಸ್ರಲಾ! ಮಣ್ಣಿಗೆ ಯಾರಾನಾ ಲಾಭ ಅಂತಾರಾ?" ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದ: "ಅದು ಹೊಟ್ಟೆಗೆ ಹೋಗೋದಕ್ಕೆ ಹೇಳೋ ಮಾತಮ್ಮಾ. ರಾಗಿ ಇಟ್ಟು ಕರೀರಿ. ಬತ್ತೀನಿ."

ಹೊರಟೇಹೋದ. ಮಕ್ಕಳು ನನ್ನ ಮುಖ ನೋಡಿದರು. ನಾನು ಪಾಠ ಹೇಳಲು ಹೋಗಿದ್ದ ವಿಷಯದಲ್ಲಿ ಇನ್ನೂ ಎಷ್ಟು ಹಿಂದಿದ್ದೇನೆ ಎಂಬುದು ಆಗ ಗೊತ್ತಾಯಿತು.

ಶನಿವಾರ ಬೆಳಗ್ಗೆ ಒಂದೊಂದು ಮಗುವೂ ಮನೆಯಿಂದ ಒಂದೊಂದು ಲೋಟ ರಾಗಿ ತಂದಿತು. ಕೆಲವರದು ದೊಡ್ಡ ಲೋಟ, ಕೆಲವರದು ಚಿಕ್ಕದು, ಒಬ್ಬನದು ಕ್ರಿಕೆಟ್ ಟೋಪಿಯ ತುಂಬ. ಅಂಗಳ ಗುಡಿಸಿ, ಟಾರ್ಪಾಲು ಹಾಸಿ, ಎಲ್ಲರದನ್ನೂ ಒಂದೇ ಕಡೆ ಸುರಿದೆವು. ಮುಖ್ಯೋಪಾಧ್ಯಾಯರು ಆಫೀಸಿನ ಬಾಗಿಲಲ್ಲಿ ನಿಂತು "ಏನ್ ಮಿಸ್, ಸ್ಕೂಲನ್ನ ಕಣ ಮಾಡ್ಬಿಟ್ರಾ?" ಎಂದು ನಗಾಡಿದರು. ಟಾರ್ಪಾಲಿನ ಹತ್ತಿರ ಬಂದಾಗ ಮಾತ್ರ, ಯಾರೂ ಹೇಳದೆಯೇ, ಬೂಟು ಬಿಚ್ಚಿದರು.

ಅಪ್ಪ ಒಗೆದ ಪಂಚೆ ಉಟ್ಟು ಬಂದಿದ್ದ. ಕೊಳಗದಲ್ಲಿ ಅಳೆದರೆ ಐದಾರಕ್ಕೇ ರಾಶಿ ಮುಗಿದುಹೋಗುತ್ತದೆಂದು ಮನೆಯ ಹಳೆಯ ಸೇರು ತಂದಿದ್ದ. ಪೂರ್ವಕ್ಕೆ ಮುಖ ಮಾಡಿ ಕೂತು ಕೇಳಿದ: "ಯಾವ ಭಾಷೇನಾಗೆ ಅಳೀಲಿ?"

"ಕನ್ನಡ!" ಎಂದರು ಅರ್ಧ ಜನ. "ತೆಲುಗು, ತೆಲುಗು!" ಎಂದರು ಇನ್ನರ್ಧ. ನಮ್ಮ ಮಕ್ಕಳಲ್ಲಿ ಮನೆಯಲ್ಲಿ ತೆಲುಗು ಆಡುವವರೇ ಹೆಚ್ಚು. ಗಲಾಟೆ ಎದ್ದಿತು. ಅಪ್ಪ ಕೈ ಎತ್ತಿ, "ಹಂಗಾರೆ ಎರಡೂ ಆಗ್ಲಿ. ಈ ಕಡೆಯೋರು ಕನ್ನಡ, ಆ ಕಡೆಯೋರು ತೆಲುಗು. ಶುರು ಆದ್ಮೇಲೆ ಬ್ಯಾರೆ ಮಾತಿಲ್ಲ. ನಗಂಗಿಲ್ಲ. ನಾನು ಸೇರು ಸುರಿದಾಗ್ಲೇ ಮುಂದಿನದು" ಎಂದ.

ಅದು ಜಗಳ ಬಿಡಿಸಲು ಮಾಡಿದ ಏರ್ಪಾಡು, ಅಷ್ಟೆ. ಏನಾಗುತ್ತದೆಂದು ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮೊದಲ ಸೇರು ಸುರಿಯಿತು. ಲಾಭ, ಲಾಭ, ಲಾಭ ಎಂದಿತು ಈ ಕಡೆ. ಲಾಭಂ, ಲಾಭಂ, ಲಾಭಂ ಎಂದಿತು ಆ ಕಡೆ. ಅಪ್ಪ ಅವಸರ ಮಾಡಲಿಲ್ಲ, ಬೊಗಸೆ ಬೊಗಸೆಯಾಗಿ ತುಂಬಿದ. ಸರ್ರನೆ ಎರಡನೆಯದು. ಎರಡು, ಎರಡು, ರೆಂಡು, ರೆಂಡು ಎಂದು ಇನ್ನೂ ತಡವರಿಸಿದರು. ಮೂರು ಮತ್ತು ಮೂಡು ಅಕ್ಕತಂಗಿಯರ ಹಾಗೆ ಜೊತೆಜೊತೆಯಾಗಿ ನಡೆದವು. ನಾಲ್ಕು ಬಂದಾಗ ಸದ್ದು ಒಡೆಯಿತು. ಈ ಕಡೆಯದು ಗಿಡ್ಡ: ನಾಲ್ಕು, ನಾಲ್ಕು, ನಾಲ್ಕು. ಆ ಕಡೆಯದು ಒಂದು ಹೆಜ್ಜೆ ಉದ್ದ: ನಾಲುಗು, ನಾಲುಗು, ನಾಲುಗು. ಕನ್ನಡ ಮುಂದೆ ಹೋಯಿತು, ತೆಲುಗು ಹಿಂದೆ ಬಿತ್ತು, ಒಂದರ ಸಂದಿನಲ್ಲಿ ಇನ್ನೊಂದು ತೂರಿತು, ಯಾವ ಮಾತು ಯಾರದೆಂದು ತಿಳಿಯದೆ ಅಂಗಳದ ತುಂಬ ಬರೀ ಲುಕು, ಗುನಾ, ಲುಗು ಎಂದು ನೀರು ಕುದಿಯುವಂಥ ಸದ್ದು. ಕುದಿಯುತ್ತಾ ಕುದಿಯುತ್ತಾ ಎರಡೂ ಥಟ್ಟನೆ ಒಂದೇ ಕ್ಷಣಕ್ಕೆ ಬಂದು ನಿಂತ ಹಾಗಾಗಿ, ಮತ್ತೆ ಜಾರಿದವು. ವಾರವೆಲ್ಲ ಚಪ್ಪಾಳೆಯಲ್ಲಿ ಬಾರದೆ ಹೋದದ್ದು ಇದೇ.

ಅಪ್ಪ ಐದನೆಯದನ್ನು ಸುರಿದ.

ಐದು ಎನ್ನುವುದು ಕನ್ನಡದಲ್ಲೂ ಐದೇ, ತೆಲುಗಿನಲ್ಲೂ ಐದೇ. ಹುಟ್ಟಿದಾಗಿನಿಂದ ಎರಡೂ ಭಾಷೆ ಆಡಿದ್ದೇನೆ, ಇದನ್ನು ಒಂದು ದಿನವೂ ಗಮನಿಸಿರಲಿಲ್ಲ. ಆ ಕುದಿತವೆಲ್ಲ ಒಮ್ಮೆಲೇ ಇಳಿದು ಮೂವತ್ತನಾಲ್ಕು ಬಾಯಿಗಳು ಒಂದೇ ಬಾಯಾದವು. ಐದು, ಐದು, ಐದು, ಐದು. ಎಷ್ಟು ಒಂದಾಗಿತ್ತೆಂದರೆ ದನಿ ಮಕ್ಕಳಿಂದ ಬರುತ್ತಿದೆ ಎನಿಸಲಿಲ್ಲ, ಟಾರ್ಪಾಲಿನ ಕೆಳಗಿನ ನೆಲದಿಂದ ಬರುತ್ತಿದೆ ಎನಿಸಿತು. ಮಕ್ಕಳು ಕಣ್ಣರಳಿಸಿ ಎದುರಿನವರ ಬಾಯಿ ನೋಡುತ್ತಿದ್ದರು. ಟೋಪಿಯಲ್ಲಿ ರಾಗಿ ತಂದಿದ್ದವನು ನಗಲು ಹೋದ. ಅಪ್ಪ ಒಂದು ಸಲ ದುರುಗುಟ್ಟಿ ನೋಡಿದ, ಅವನ ನಗು ಐದಾಗಿಯೇ ಹೊರಬಂತು. ಮುಖ್ಯೋಪಾಧ್ಯಾಯರ ತುಟಿಯೂ ಅಲ್ಲಾಡುತ್ತಿತ್ತು. ಆರರಲ್ಲೂ ಒಂದೇ. ಏಳು, ಏಡು ಎಂದು ಒಂದು ಕೂದಲೆಳೆ ಬಿಟ್ಟು, ಎಂಟಕ್ಕೆ ಬಂದಾಗ ಆ ಕಡೆ ಎನಿಮಿದಿ, ಎನಿಮಿದಿ ಎಂದು ಕುಣಿದುಕೊಂಡು ಮತ್ತೆ ದೂರ ಹೋಯಿತು.

ಇದನ್ನು ಯಾರೂ ಬರೆದದ್ದಲ್ಲ. ಎರಡು ಭಾಷೆಗಳು ನಮ್ಮ ಸೀಮೆಯಲ್ಲಿ ಎಷ್ಟು ಕಾಲದಿಂದ ಪಕ್ಕಪಕ್ಕದಲ್ಲಿ ಕೂತು ರಾಗಿ ಅಳೆಯುತ್ತಿದ್ದವೋ, ಅಷ್ಟು ಕಾಲದಿಂದ ಇದು ಅಲ್ಲೇ ಇತ್ತು. ನಾಲ್ಕರಲ್ಲಿ ಬೇರೆಯಾಗಿ ಐದರಲ್ಲಿ ಕೂಡುವುದು. ಒಂದೊಂದು ಕಣದಲ್ಲಿ ಒಂದೊಂದೇ ಭಾಷೆ ಇದ್ದದ್ದರಿಂದ ಅಪ್ಪನಿಗೂ ಕೇಳಿಸಿರಲಿಲ್ಲ. ಅವನ ಕೈ ಎಂದಿನಂತೆ ನಡೆಯುತ್ತಿತ್ತು, ಮುಖ ಮಾತ್ರ ದೇವರ ಮುಂದೆ ನಿಂತವನ ಹಾಗಾಗಿತ್ತು.

ಹದಿನಾರಾಯಿತು. ಹದಿನೇಳನೇ ಸೇರನ್ನು ಸುರಿದ ಅಪ್ಪ ಅದನ್ನು ಮತ್ತೆ ತುಂಬಲಿಲ್ಲ. ಬಾಯಲ್ಲಿ ಹದಿನೇಳು, ಹದಿನೇಳು ಎನ್ನುತ್ತಲೇ ಖಾಲಿ ಸೇರನ್ನು ನನ್ನ ಕಡೆಗೆ ಹಿಡಿದ.

ಅಪ್ಪನ ಎದುರು ಕೂತೆ. ಸೇರು ಅವನ ಕೈಯ ಬಿಸಿಗೆ ಬೆಚ್ಚಗಿತ್ತು. ಈ ಸಲ ಬಾಯಿ ಮುಚ್ಚಲಿಲ್ಲ. ಹದಿನೇಳು, ಹದಿನೇಳು, ಹದಿನೇಳು ಎನ್ನುತ್ತಾ ತುಂಬಿದೆ. ಪಕ್ಕದಲ್ಲಿ ಕಿಟಕಿಯ ಹುಡುಗಿಯ ದನಿ ಪದಿಹೇಡು, ಪದಿಹೇಡು ಎಂದು ನನ್ನನ್ನು ಹಿಂದಿನಿಂದ ತಳ್ಳುತ್ತಿತ್ತು. ಮಾತು ನಿಲ್ಲಿಸುವಂತಿರಲಿಲ್ಲ. ಅಳಲಿಕ್ಕೆ ಜಾಗವೇ ಇಲ್ಲದ ಹಾಗೆ ಮಾತಿನ ಹಿಂದೆ ಮಾತು ಬರುತ್ತಿತ್ತು. ಸೇರು ತುಂಬಿತು. ಸುರಿದೆ.

"ಹದಿನೆಂಟು" ಎಂದೆ. ಅಂಗಳ ಹದಿನೆಂಟು ಎಂದಿತು.

ಇಪ್ಪತ್ತೆರಡಕ್ಕೆ ರಾಶಿ ಮುಗಿಯಿತು. ಕಡೆಯ ಹಿಡಿಯನ್ನು ಅಪ್ಪ ಎಂದೂ ಅಳೆಯುತ್ತಿರಲಿಲ್ಲ, ಹಕ್ಕಿಗೆ ಬಿಡುತ್ತಿದ್ದ. ಅದು ತಿಳಿಯದ ಮಕ್ಕಳು ಮುಂದಿನ ಸೇರಿಗೆ ಕಾಯುತ್ತಾ ಇಪ್ಪತ್ತೆರಡು, ಇರವೈರೆಂಡು ಎನ್ನುತ್ತಲೇ ಇದ್ದರು. ಅಪ್ಪ ಸೇರನ್ನು ಬೋರಲು ಹಾಕಿ ಅದರ ಮೇಲೆ ಅಂಗೈ ಇಟ್ಟ. ಒಂದೊಂದೇ ದನಿ ನಿಂತಿತು. ಆ ರಾಗಿ ಸೋಮವಾರ ಅವರಿಗೇ ಅಂಬಲಿಯಾಯಿತು.

ಮನೆಗೆ ಬರುವಾಗ ಅಪ್ಪ ಸ್ಕೂಟರಿನ ಹಿಂದೆ ಸೇರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಮಾವಿನ ತೋಪಿನ ತಿರುವಿನ ಹತ್ತಿರ ಹೇಳಿದ:

"ಅವತ್ತೂ ಹದಿನೇಳೇ ಆಗಿದ್ದು."

ಗಾಡಿ ನಿಲ್ಲಿಸಿದೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ. "ನಿಂಗೆ ಗೊತ್ತಿತ್ತಾ?"

"ನೀನು ಬಾಯಿ ಬಿಡ್ತಿರ್ಲಿಲ್ಲ. ಅದಕ್ಕೆ ನಾನು ಒಳಗೇ ಹೇಳ್ಕೋತಿದ್ದೆ."

"ಮತ್ತೆ ಯಾಕಪ್ಪಾ ಹೇಳ್ಲಿಲ್ಲ? ಅಷ್ಟು ರಾಗೀನೂ ಹಿಂದಕ್ಕೆ ಸುರಿಸ್ದೆ. ಆಮೇಲೆ ನಿನ್ನ ಯಾರೂ ಕರೀಲಿಲ್ಲ."

"ಕೊಳಗ ನಿನ್ ಕೈಯಾಗಿತ್ತಮ್ಮಾ. ಅಳೆಯೋರ ಬಾಯಿಂದ್ಲೇ ಬರ್ಬೇಕು ಅದು. ನಾನು ಹೇಳಿದ್ರೆ, ಮಗಳನ್ನ ಉಳ್ಸ್ಕೊಳ್ಳೋಕೆ ಸುಳ್ಳು ಹೇಳ್ದ ಅನ್ನೋರು, ಕೂಸು ರಾಗಿ ಕದ್ದ್ಲು ಅಂತಾನೂ ಅನ್ನೋರು. ಸುರಿದು ಅಳೆದ್ಮೇಲೆ ಯಾರೂ ಏನೂ ಅನ್ನಂಗಿಲ್ಲ."

ತೋಪಿನಲ್ಲಿ ಯಾವುದೋ ಹಕ್ಕಿ ಒಂದೇ ಕೂಗನ್ನು ಮತ್ತೆ ಮತ್ತೆ ಕೂಗುತ್ತಿತ್ತು. ಮುಂದಿನ ಸೇರು ಬೀಳುವ ತನಕ ಹಿಂದಿನ ಸಂಖ್ಯೆಯನ್ನು ಬಿಡುವಂತಿಲ್ಲ, ಅದು ಅಪ್ಪನ ಕೆಲಸದ ನಿಯಮ. ಇಷ್ಟು ವರ್ಷವೂ ಒಳಗೊಳಗೇ ಹದಿನೇಳು, ಹದಿನೇಳು ಎಂದುಕೊಂಡೇ ಇದ್ದನೇನೋ, ನಾನು ಹದಿನೆಂಟು ಎನ್ನಲಿ ಎಂದು.

"ನಡಿಯಮ್ಮಾ, ಬಿಸ್ಲು" ಎಂದ ಅಪ್ಪ. ಗಾಡಿ ಬಿಟ್ಟೆ. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಸೇರಿನ ಅಂಚನ್ನು ಬೆರಳಲ್ಲಿ ತಟ್ಟುವ ಸದ್ದು ಕೇಳಿಸಿತು. ನಾಲ್ಕು, ನಾಲುಗು, ನಾಲ್ಕು, ನಾಲುಗು. ಅಪ್ಪ ಮೆಲ್ಲಗೆ ಎರಡನ್ನೂ ಒಬ್ಬನೇ ಹೇಳಿ ನೋಡುತ್ತಿದ್ದ.